ಕಚ್ಚಿಲ್ಲದ ದುಂಬಿ

ಜಗಲಿಯಲ್ಲಿ ಕೂತು ಕೊಂಬಿನ ದುಂಬಿಯ ಹೊಟ್ಟೆ ಸೀಳಿದ ನೆಸ್ಟಾಳ ಕೈ ಹಾಗೇ ನಿಂತಿತು. ಕಂದು ದಾರದಂತಿರಬೇಕಾದ ಕರುಳು ಹಾಲಿನಂತೆ ಬೆಳ್ಳಗೆ ಉಬ್ಬಿತ್ತು. "ಅಮ್ಮಾ, ಗುಂಡಿ ತೋಡೋದು ನಿಲ್ಸು. ಇದಕ್ಕೆ ರೋಗ ಹಿಡಿದಿದೆ."

ದೀವಿಹಲಸಿನ ಬುಡದಲ್ಲಿದ್ದ ಡೊರೀನಾ ತಲೆ ಎತ್ತಲಿಲ್ಲ. ಪಕ್ಕದ ಡಬ್ಬಿಯಲ್ಲಿ ಮೊಮ್ಮಗಳ ಒಣಗಿದ ಹೊಕ್ಕುಳಬಳ್ಳಿ ಇತ್ತು. ಅದನ್ನು ಹೂತು ಮೇಲೆ ತೆಂಗಿನ ಸಸಿ ನೆಡುವುದು ಗ್ವಾಡಲ್‌ಕನಾಲ್‌ನ ಅವರ ಊರಿನ ರೂಢಿ. ಆದರೆ ಈಗ ಯಾವ ತೆಂಗಿನ ಸುಳಿಯನ್ನೂ ದುಂಬಿ ಉಳಿಸುತ್ತಿರಲಿಲ್ಲ; ಹಾಗಾಗಿ ಡೊರೀನಾ ಅದನ್ನು ದೀವಿಹಲಸಿನ ಬುಡದಲ್ಲೇ ಹೂಳಲು ಹೊರಟಿದ್ದಳು. ಹಳೆಯ ದುಂಬಿಗಳನ್ನು ಕೊಲ್ಲುತ್ತಿದ್ದ ರೋಗ, ಹಡಗು ಹತ್ತಿ ಬಂದ ಈ ಹೊಸ ತಳಿಗೆ ತಾಗುತ್ತಲೇ ಇರಲಿಲ್ಲ. ಅದಕ್ಕೇ ನೆಸ್ಟಾ ಬೇರೆ ದ್ವೀಪದಿಂದ ತಂದ ಹೊಸ ರೋಗಾಣುವನ್ನು ಕೆಲವು ದುಂಬಿಗಳಿಗೆ ಕುಡಿಸಿ, ಗುರುತಿಗೆ ಬೆನ್ನಿನ ಚಿಪ್ಪಿನ ಅಂಚಿಗೆ ಕಚ್ಚು ಹಾಕಿ, ಉಳಿದವಕ್ಕೂ ಹರಡಲಿ ಎಂದು ತೋಟಕ್ಕೇ ಹಾರಬಿಟ್ಟಿದ್ದಳು. ಸಿಕ್ಕ ಕಳ್ಳರಿಗೆ ಊಟ ಹಾಕಿ ಕಳಿಸ್ತಾಳೆ ಎಂದು ಡೊರೀನಾ ಊರೆಲ್ಲ ಆಡಿಕೊಂಡಿದ್ದಳು.

"ನೀನೇ ವಿಷ ಕುಡಿಸಿ ಬಿಟ್ಟಿದ್ದು. ರೋಗ ಹಿಡೀದೆ ಇನ್ನೇನು?"

"ಇದರ ಚಿಪ್ಪು ಮುಟ್ಟಿ ನೋಡು."

ಡೊರೀನಾ ಜಗಲಿಗೆ ಬಂದು ಮಣ್ಣು ಮೆತ್ತಿದ ಹೆಬ್ಬೆರಳನ್ನು ಚಿಪ್ಪಿನ ಅಂಚಿನುದ್ದಕ್ಕೂ ಎಳೆದಳು. ಮತ್ತೊಮ್ಮೆ ಎಳೆದಳು. ಎಲ್ಲೂ ತಡೆಯಲಿಲ್ಲ. "ಕಚ್ಚೇ ಇಲ್ವಲ್ಲೇ."

"ಇದಕ್ಕೆ ನಾನು ಏನೂ ಕುಡಿಸಿಲ್ಲಮ್ಮ. ತೋಟದಲ್ಲೇ ಇನ್ನೊಂದು ದುಂಬಿಯಿಂದ ಅಂಟಿಕೊಂಡಿದೆ."

ಡೊರೀನಾ ಹಿಂದಕ್ಕೆ ಹೋಗಿ ಗುಂಡಿಗೆ ಕಾಲಿನಿಂದ ಮಣ್ಣು ತಳ್ಳಿ ಮುಚ್ಚಿದಳು. ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು, ಗುದ್ದಲಿ ಹೆಗಲಿಗೇರಿಸಿ ತೋಟದ ಕಡೆ ತಿರುಗಿದಳು.

"ಏನು ನೋಡ್ತಾ ಕೂತೆ? ಮೊಳಕೆ ಬಂದಿರೋ ತೆಂಗಿನಕಾಯಲ್ಲಿ ಒಳ್ಳೇದು ಆರಿಸ್ಕೊಂಡು ಬಾ."