ಮರ್ಯಾದೆಯ ದೂರ

ಮುಂದೆ ಹೋಗುತ್ತಿದ್ದ ವಿಶ್ವಸಂಸ್ಥೆಯ ಶಾಂತಿಪಡೆಯ ಬಿಳಿ ವಾಹನಗಳು ಆಲಿವ್ ತೋಪಿನ ಪಕ್ಕ ನಿಂತವು. ಅರ್ಧ ಮೈಲಿ ಹಿಂದೆ, ಪರಿಹಾರ ಸಂಸ್ಥೆಯ ಡಾಕ್ಟರ್ ವಿದಾದ್‌ಳ ಕಾರೂ ನಿಂತಿತು.

“ನಾವ್ಯಾಕೆ ನಿಂತ್ವಿ, ಡಾಕ್ಟ್ರೇ?” ಎಂದ ಡ್ರೈವರ್ ಅಬು ಗಸ್ಸಾನ್.

“ಅವರು ನಿಂತ್ರಲ್ಲ!”

“ಅವರಿಗೂ ನಮಗೂ ಸಂಬಂಧಾನೇ ಇಲ್ಲ ಅಂತ ಬೆಳಿಗ್ಗೆ ನೀವೇ ಹೇಳಿದ್ರಿ.”

ಬೆಳಿಗ್ಗೆ ಮಾತ್ರವೇ? ಬೈರೂತಿನ ತರಬೇತಿ ಶಿಬಿರಗಳಲ್ಲಿ ವರ್ಷಗಟ್ಟಲೆ ಗಂಟಲು ಹರಿದುಕೊಂಡು ಹೇಳಿದ್ದಳು: ಬಂದೂಕಿನ ಕಾವಲಲ್ಲಿ ಔಷಧಿ ಹೋಗಬಾರದು, ಹೋದರೆ ಜನ ನಮ್ಮನ್ನೂ ಬಂದೂಕಿನವರ ಕಡೆಯವರು ಅಂದುಕೊಳ್ಳುತ್ತಾರೆ. ಆದರೆ ಕದನವಿರಾಮವಾಗಿ ವಾರವೂ ಕಳೆಯದ ಈ ದಾರಿಯಲ್ಲಿ ಒಂಟಿಯಾಗಿ ಹೋಗಲು ಧೈರ್ಯವಿರಲಿಲ್ಲ. ಹಾಗಾಗಿ ಕಾವಲು ಬೇಡವೇ ಬೇಡ ಎಂದು ಖಡಾಖಂಡಿತವಾಗಿ ಹೇಳಿ, ಸೈನಿಕರು ಹೊರಡುವ ಹೊತ್ತಿಗೇ ಸರಿಯಾಗಿ ಹೊರಟಿದ್ದಳು. ಕೇಳಿದವರಿಗೆ ಅದು ಕಾಕತಾಳೀಯ.

ಬಿಸಿಲು ಏರಿತು. ಹಿಂದಿನ ಸೀಟಿನ ಡಬ್ಬದಲ್ಲಿ ಇನ್ಸುಲಿನ್ ಸುತ್ತಲಿನ ಐಸ್ ಕರಗುತ್ತಿತ್ತು. ಗುಡ್ಡದ ಮೇಲಿನ ಊರಲ್ಲಿ, ಬಟ್ಟೆ ಹೊಲಿಯುವ ಸಲ್ಮಾಳ ಮಗಳಿಗೆ ನಿನ್ನೆಯೇ ಇನ್ಸುಲಿನ್ ಮುಗಿದಿತ್ತು.

“ಒಂದು ಹಾರ್ನ್ ಹೊಡೀಲಾ?”

“ಬೇಡ, ಮಾತಾಡಿಸಿದ ಹಾಗಾಗತ್ತೆ.”

“ಸರಿ, ಕಾಫಿ ಕುಡೀರಿ. ಅವರೂ ಕುಡೀತಿರ್ತಾರೆ. ಫ್ಲಾಸ್ಕ್ ಬೇರೆ ಬೇರೆ ಇದ್ರೆ ತಪ್ಪಿಲ್ಲ ತಾನೇ?”

ಕೊನೆಗೆ ನೀಲಿ ಟೋಪಿಯ ಕ್ಯಾಪ್ಟನ್ ಒಬ್ಬನೇ, ಬಂದೂಕನ್ನು ಅಲ್ಲೇ ಬಿಟ್ಟು, ಬೆವರೊರೆಸಿಕೊಳ್ಳುತ್ತಾ ನಡೆದು ಬಂದ. ತನಗೆ ಬರುವಷ್ಟು ಅರಬ್ಬಿಯಲ್ಲಿ ಹೇಳಿದ: “ಮೇಡಂ, ಇಲ್ಲಿಂದಾಚೆ ನೀವು ಮುಂದೆ ಹೋಗಿ. ಆಗ್ಲಿಂದ ಕಾಯ್ತಿದ್ದೀವಿ.”

“ನನಗಾ? ಯಾಕೆ?”

ಅವನು ತನ್ನ ಬೂಟು ನೋಡಿಕೊಂಡ. “ಮೊನ್ನೆ ಆ ಊರೋರು ನಮಗೆ ಕಲ್ಲು ಹೊಡೆದ್ರು. ನಿಮ್ಮ ಕಾರಿನ ಹಿಂದೆ ಹೋದ್ರೆ ಹೊಡೆಯಲ್ಲ. ಅದಕ್ಕೇ ನೀವು ಹೊರಡೋ ದಿನ ನೋಡ್ಕೊಂಡು ಹೊರಟ್ವಿ.”

ಅಬು ಗಸ್ಸಾನ್ ಸ್ಟೀರಿಂಗ್ ತಟ್ಟಿ ತಟ್ಟಿ ನಕ್ಕ. ವಿದಾದ್‌ಗೂ ನಗು ಬಂತು, ಅದರ ಬೆನ್ನಿಗೇ ನಾಚಿಕೆಯಾಯಿತು. ಅಷ್ಟರಲ್ಲಿ ಫೋನ್ ಬಂತು. ಸಲ್ಮಾ.

“ಯಾಕ್ ಡಾಕ್ಟ್ರೇ ಇಷ್ಟೊತ್ತು? ಸೈನ್ಯದೋರು ತಡೆದ್ರಾ?”

“ಇಲ್ಲಮ್ಮ. ಅವರೂ ನಾವೂ ನಮ್ಮ ನಮ್ಮ ಮಾನ ಕಾಯ್ಕೊಂಡು ಕೂತಿದ್ವಿ.”

“ಮಾನವಾ? ಇವಳಿಲ್ಲಿ ಶುಗರ್ ಏರಿ, ಕೊಡಗಟ್ಟಲೆ ನೀರು ಕುಡಿದು ಇನ್ನೂ ನೀರು ನೀರು ಅಂತಿದಾಳೆ. ಒಬ್ಬರ ಹೆಗಲ ಮೇಲೆ ಒಬ್ಬರು ಹತ್ಕೊಂಡಾದ್ರೂ ಬನ್ನಿ!”