ಮೂಗಯ್ಯ ಹಾಕಿದ ಹೊಸ ಬಲ್ಬು

“ಚೀಲ ಸುರಿ,” ಅಂದ ವಿಶ್ವನಾಥ. ಚಾಮರಾಜಪುರಂನ ಗ್ಯಾರೇಜಿನ ಮುಂದೆ ಆಗತಾನೆ ಕತ್ತಲಾಗುತ್ತಿತ್ತು. ಅವನ ಹಳೇ ಜೀಪಿನ ಬೆಳಕು ಎದುರಿನ ಗೋಡೆಯ ಮೇಲೆ ಮಂಕಾಗಿ ಬಿದ್ದಿತ್ತು. “ಹಬ್ಬಕ್ಕೆ ಮುಂಚೆ ನಾನು ತಂದುಕೊಟ್ಟ ಹ್ಯಾಲೊಜನ್ ಬಲ್ಬಾ ಇದು? ಹಳೇದನ್ನೇ ಬಿಟ್ಟು, ಹೊಸದನ್ನ ನೀನು ಮಡಿಕ್ಕೊಂಡಿದ್ದೀಯ.”

ಎಲೆಕ್ಟ್ರಿಷಿಯನ್ ಮೂಗಯ್ಯ ವಯಸ್ಸಿನಲ್ಲಿ ವಿಶ್ವನಾಥನಿಗಿಂತ ಹಿರಿಯ. ಚೀಲವನ್ನು ನೆಲಕ್ಕೆ ಸುರಿದ. ಸ್ಪ್ಯಾನರು, ಟೆಸ್ಟರು, ತೊಳೆದ ಊಟದ ಡಬ್ಬಿ, ಸುತ್ತಿದ್ದ ಬಟ್ಟೆಯಿಂದ ಜಾರಿಬಿದ್ದ ಕನ್ನಡಕ. ಬಲ್ಬು ಇರಲಿಲ್ಲ. ಪಕ್ಕದಂಗಡಿಯಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ಇತ್ತ ತಿರುಗಿದ್ದರು.

ಮೂಗಯ್ಯ ಜೀಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ದೀಪವನ್ನು ನೋಡಿದ. “ಮೊನ್ನೆ ಆಯುಧಪೂಜೆ ಮಾಡುದ್ರಾ ಸಾರ್?”

“ಮಾಡದೆ ಇರ್ತೀವಾ? ಅದಕ್ಕೂ ಇದಕ್ಕೂ ಏನು?”

“ಗಂಧ, ವಿಭೂತಿ ಗ್ಲಾಸ್ ತುಂಬಾ ಒಣಗ್ಬುಟ್ಟದೆ.” ಒದ್ದೆ ಬಟ್ಟೆಯೊಂದನ್ನು ಚಾಚಿದ. “ನೀವೇ ಒರ್ಸಿ. ನಿಮ್ಮನೆ ಪೂಜೆದು. ನಾನು ಮುಟ್ಟುದ್ರೆ ಅಮ್ಮಾವ್ರು ಏನಂತಾರೋ.”

ವಿಶ್ವನಾಥ ಒರೆಸಿದ. ಹೆಂಡತಿ ಸರ್ವಮಂಗಳಾ ಮೂರು ಬೆರಳಲ್ಲಿ ದಪ್ಪಗೆ ಎಳೆದಿದ್ದ ಪಟ್ಟೆಗಳು ಬಟ್ಟೆಗೆ ಬಂದವು. ಬೆಳಕು ಬೆಳ್ಳಗೆ ಚಿಮ್ಮಿ ಗೋಡೆಯನ್ನೂ, ಮೂಗಯ್ಯನ ಮುಖವನ್ನೂ, ಮಣ್ಣಿನಲ್ಲಿ ಚೆಲ್ಲಿದ್ದ ಒಂದೊಂದು ಸಾಮಾನನ್ನೂ ತೋರಿಸಿತು. ವಿಶ್ವನಾಥ ಬಗ್ಗಿ ಊಟದ ಡಬ್ಬಿಗೆ ಕೈ ಹಾಕಿದ.

“ಬುಡಿ ಸಾರ್, ನಾನೇ ಎತ್ಕೊತೀನಿ,” ಅಂದ ಮೂಗಯ್ಯ, ಕನ್ನಡಕದ ಮಣ್ಣನ್ನು ಅಂಗಿಯ ತುದಿಗೆ ಒರೆಸುತ್ತ. “ಮೊದ್ಲು ಆ ಲೈಟ್ ಆಫ್ ಮಾಡಿ. ಎಲ್ಲಾರ್ಗೂ ಕಾಣ್ತಾ ಅದೆ.”