ಅಪ್ಪ ಕೂರುತ್ತಿದ್ದ ಕಲ್ಲು

ಚಟ್ನಿ ಇನ್ನೂ ತರಿತರಿಯಾಗಿರುವಾಗಲೇ ಮಿಕ್ಸಿ ನಿಂತುಹೋಯಿತು. ಜಲಜಾಕ್ಷಿ ಕೈ ಒರೆಸಿಕೊಂಡು, ವೈರು ಹಿಡಿದು ಹೊರಗೆ ಬಂದಳು. ಹಳೆಯ ಹಾಕಿ ಕ್ರೀಡಾಂಗಣವನ್ನು ಕೆಡವದೆ ಮನೆಗಳನ್ನಾಗಿ ಮಾಡಿದ ಮೇಲೆ, ಗ್ಯಾಲರಿಯ ಕಲ್ಲುಗಳು ಹೀರಿಟ್ಟುಕೊಂಡಿದ್ದ ಕೂಗಿನಿಂದಲೇ ಎಲ್ಲರ ಒಲೆ, ದೀಪ ನಡೆಯುತ್ತಿದ್ದವು. ಯಾರ ಮನೆಯವರು ಎಲ್ಲಿ ಕೂತು ಆಟ ನೋಡಿದ್ದರೋ ಆ ಸಾಲು ಅವರಿಗೆ. ವೈರು ಸಿಕ್ಕಿಸಿದರೆ ಕಲ್ಲು ಒಮ್ಮೆ ಕೂಗಿ, ಆಮೇಲೆ ಬರೀ ಕಲ್ಲಾಗುತ್ತಿತ್ತು.

"ನಮ್ ಕಲ್ಲಲ್ಲಿ ಬರೀ ಅಂಪೈರಿಗೆ ಬೈದಿದ್ದೇ ಕಣಮ್ಮಾ," ಪಕ್ಕದ ಮನೆಯ ಮೆಹರುನ್ನೀಸಾ ನಕ್ಕಳು. "ಆದ್ರೂ ಅನ್ನ ಮಲ್ಲಿಗೆ ಹೂವಿನ ಹಾಗೆ ಆಗುತ್ತೆ!"

ಜಲಜಾಕ್ಷಿಯ ಸಾಲಿನಲ್ಲಿ ಉಳಿದಿದ್ದುದು ಒಂದೇ ಕಲ್ಲು, ಅವಳ ಗಂಡ ಕೂರುತ್ತಿದ್ದದ್ದು. ಅವನು ತೀರಿಕೊಂಡಾಗ ಮಗಳು ಬಿಂದು ತೊಟ್ಟಿಲಲ್ಲಿದ್ದಳು. ಇದು ಮುಗಿದರೆ ನಿವಾಸಿಗಳ ಸಂಘದವರು ಬೇರೆ ಸಾಲು ಕೊಡುತ್ತಾರೆ, ಅಡುಗೆಗೇನೂ ತೊಂದರೆಯಿಲ್ಲ. ಅಲ್ಲಿನ ರೂಢಿಯಂತೆ ಅವಳು ಮಗಳನ್ನು ಕರೆದು ಕಲ್ಲಿಗೆ ಕಿವಿ ಇಡಿಸಿದಳು.

"ಈಗ ಅಪ್ಪ ಕೂಗ್ತಾರೆ ಪುಟ್ಟಾ, ಚೆನ್ನಾಗಿ ಕೇಳಿಸ್ಕೋ."

ಬಿಂದು ಕಿವಿ ಇಟ್ಟಳು. ಅಮ್ಮ ವೈರನ್ನು ಕಲ್ಲಿನ ಹತ್ತಿರ ತಂದಳು. ಮಗಳು ತಲೆಯೆತ್ತಿ, ಇಷ್ಟು ಹೊತ್ತು ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ಅಮ್ಮಾ, ಇವತ್ತು ಚಟ್ನಿ ಇಲ್ದೆ ದೋಸೆ ತಿಂದ್ರೆ, ಅಪ್ಪ ನಾಳೆಗೂ ಇರ್ತಾರಾ?"